ಗಜೋದರ ರಸಾಯನ ಮತ್ತು ರಾತ್ರಿಯ ಮುದ್ದೆ

ಪುಟ್ಟೇನಹಳ್ಳಿಯ ರಾಮಯ್ಯನವರಿಗೆ ಇದ್ದ ದೊಡ್ಡ ದುಃಖ ಒಂದೇ. ಹೆಂಡತಿ ನಾರಾಯಣಮ್ಮ ರಾತ್ರಿ ಊಟದಿಂದ ರಾಗಿಮುದ್ದೆಯನ್ನು ಗಡೀಪಾರು ಮಾಡಿದ್ದರು.

ತಪ್ಪು ಮುದ್ದೆಯದಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಮನೆ ಎದ್ದ ಮೇಲೆ ರಾಮಯ್ಯನವರ ಬೆನ್ನು ಬಗ್ಗುತ್ತಿದ್ದುದು ಚಪ್ಪಲಿ ಹುಡುಕಲು ಮಾತ್ರ. ಕೆರೆ ಸುತ್ತ ವಾಕಿಂಗ್ ಎಂದು ಹೊರಟವರು ಗೇಟಿನ ಪಕ್ಕದ ಬೆಂಚಿನಲ್ಲಿ ಕೂತು, ಬರುವಾಗ ಮಸಾಲೆ ದೋಸೆ ತಿಂದು ಬರುತ್ತಿದ್ದರು. ಹಾಗಾಗಿ ಬೆಳಗ್ಗೆ ಸುಸ್ತು, ಮಧ್ಯಾಹ್ನ ತೇಗು, ರಾತ್ರಿ ಹೊಟ್ಟೆಯುಬ್ಬರ (ಮಿಕ್ಕ ವಿವರಗಳನ್ನು ಮರ್ಯಾದೆಯ ದೃಷ್ಟಿಯಿಂದ ಬಿಡಲಾಗಿದೆ).

"ಏದುಸಿರು ಬಿಡ್ದೆ ಟೆರೇಸ್ ಹತ್ತಿ ಇಳೀರಿ. ಅವತ್ತೇ ಮುದ್ದೆ ಮಾಡ್ತೀನಿ," ಎಂದು ನಾರಾಯಣಮ್ಮ ಷರತ್ತು ಹಾಕಿದರು.

ರಾಮಯ್ಯನವರು ಹತ್ತುವ ಬದಲು ಜಯನಗರಕ್ಕೆ ಹೋಗಿ 'ಗಜೋದರ ರಸಾಯನ'ದ ಬಾಟ್ಲಿ ತಂದರು. ಲೇಬಲ್ಲಿನಲ್ಲಿ ಮೀಸೆಯ ಪೈಲ್ವಾನನೊಬ್ಬ ಹೊಟ್ಟೆ ಸವರಿಕೊಂಡು ನಗುತ್ತಿದ್ದ. ಮನೆಯಲ್ಲಿಟ್ಟರೆ ಹೆಂಡತಿ ಮಲ್ಲಿಗೆ ಗಿಡಕ್ಕೆ ಸುರಿಯುವುದು ಖಂಡಿತ. ಹಿಂದಿನ ಚೂರ್ಣಗಳಿಗೆಲ್ಲ ಅದೇ ಗತಿಯಾಗಿತ್ತು. ಮಂಡಿನೋವಿನ ನಾರಾಯಣಮ್ಮ ಎಂದೂ ಕಾಲಿಡದ ಜಾಗವೆಂದರೆ ಟೆರೇಸು. ಅಲ್ಲಿನ ನೀರಿನ ಟ್ಯಾಂಕಿನ ಹಿಂದೆ ಬಾಟ್ಲಿಯನ್ನು ಬಚ್ಚಿಟ್ಟರು.

ಪ್ರತಿ ಊಟಕ್ಕೆ ಮುಂಚೆ ಎರಡು ಮುಚ್ಚಳ ಕುಡಿಯಬೇಕು. "ಟ್ಯಾಂಕ್ ತುಂಬಿದ್ಯಾ ನೋಡ್ಕೊಂಡ್ ಬರ್ತೀನಿ," ಎಂದು ಹೊರಡುತ್ತಿದ್ದರು.

"ಆ ಟ್ಯಾಂಕ್ ಮೇಲೆ ಅದೇನ್ ಪ್ರೀತಿನೋ. ನನ್ನನ್ನ ಒಂದಿನಾನೂ ಹೀಗೆ ವಿಚಾರಿಸ್ಕೊಂಡಿಲ್ಲ," ಎಂದು ನಾರಾಯಣಮ್ಮ ಗೊಣಗುತ್ತಿದ್ದರು.

ಮೊದಮೊದಲು ಪ್ರತಿ ಮಹಡಿಯಲ್ಲೂ ನಿಂತು, ಬಾಡಿಗೆಯವರ ಕ್ಷೇಮ ಕೇಳುವ ನೆಪದಲ್ಲಿ ಉಸಿರು ಎಳೆದುಕೊಂಡರು. ಬರಬರುತ್ತಾ ಸರಸರನೆ ಹತ್ತತೊಡಗಿದರು. ತೇಗು ಮಾಯವಾಗಿ ಹಸಿವು ಮರಳಿತು. ಒಂದು ಸಂಜೆ ಹೆಂಡತಿಯನ್ನು ಗೇಟಿನ ಬಳಿ ನಿಲ್ಲಿಸಿ, ಟೆರೇಸಿನಿಂದ ಕೈಬೀಸಿ, ಇಳಿದು ಬಂದು ಆರಾಮಾಗಿ ಮಾತಾಡಿದರು. ನಾರಾಯಣಮ್ಮ ಮಾತಿಗೆ ತಪ್ಪಲಿಲ್ಲ. ರಾತ್ರಿ ತಟ್ಟೆಗೆ ಮುದ್ದೆ, ಹಿತಕಿದ ಅವರೆಬೇಳೆ ಸಾರು ಬಂತು. ರಾಮಯ್ಯನವರ ಕಣ್ಣು ಒದ್ದೆಯಾಯಿತು.

ತೆಪ್ಪಗೆ ನುಂಗಿದ್ದರೆ ಆಗುತ್ತಿತ್ತು. ಸಂತೋಷ ತಡೆಯಲಾರದೆ ಬಾಟ್ಲಿ ತಂದು ತೋರಿಸಿ, "ಎಲ್ಲಾ ಇದರ ಪ್ರತಾಪ ಕಣೇ," ಎಂದುಬಿಟ್ಟರು. ಆಗಲೇ ಹಪ್ಪಳ ಕೊಡಲು ಬಂದಳು ದುಂಡವ್ವ, ಬಾಗಲಕೋಟೆಯಿಂದ ಬಂದು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದವಳು. ಬಾಟ್ಲಿ ನೋಡಿ ಅವಳ ಮುಖ ಸಣ್ಣದಾಯಿತು.

"ತಪ್ಪಾತ್ರೀ ಮಾಲಕ್ರ. ಟ್ಯಾಂಕಿನ ಕಡೆ ಹಪ್ಪಳ ಒಣಗ್ಸೂವಾಗ ಕೈ ತಾಗಿ ಪೂರಾ ಚೆಲ್ಲಿ ಹೋತು. ನೀವು ತಂದಿಟ್ಟ ಮರುದಿನಾನ. ಬೈತೀರಂತ ಅಂಜಿ, ಬೆಲ್ಲದ ನೀರಿಗೆ ಚಾ ಡಿಕಾಕ್ಷನ್ ಬೆರೆಸಿ ತುಂಬಿಸ್ತಾ ಬಂದೇನ್ರೀ."

ರಾಮಯ್ಯನವರ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಾರಾಯಣಮ್ಮ ನಗಲಿಲ್ಲ. ಯೋಚನೆ ಮಾಡಿದರು. (ನಕ್ಕಿದ್ದರೆ ವಾಸಿಯಿತ್ತು.)

ಮರುರಾತ್ರಿ ತಟ್ಟೆಯಲ್ಲಿ ಬರೀ ಸಾರಿತ್ತು.

"ಮುದ್ದೆ ಎಲ್ಲೇ?"

"ದುಂಡವ್ವನ ಮನೇಲಿದೆ. ಬಿಸಿ ಆರೋದ್ರೊಳಗೆ ತಂದ್ಕೊಳ್ಳಿ."

ರಾಮಯ್ಯನವರು ಹತ್ತಿದರು, ಮುದ್ದೆ ಹಿಡಿದು ಇಳಿದರು. ಮುದ್ದೆ ಇನ್ನೂ ಹಬೆಯಾಡುತ್ತಿತ್ತು. ಒಳಗೊಳಗೇ ಖುಷಿಯಾಗಿ ಚಕ್ಕಳಮಕ್ಕಳ ಹಾಕಿ ಕೂತರು.

"ತುಪ್ಪ ಬೇಕಾ?" ಎಂದರು ನಾರಾಯಣಮ್ಮ, ಬಲು ಅಕ್ಕರೆಯಿಂದ.

"ಹಾಕು, ಹಾಕು."

"ಟ್ಯಾಂಕ್ ಹಿಂದೆ ಇದೆ."