ಕ್ಯಾಪ್ಟನ್ ಮಾತಾಡುವಾಗ ಅವಳ ಮುಖ

ಅನ್ಯಾಯ ಎಂಬ ಮಾತನ್ನು ನಾನು ಸುಮ್ಮಸುಮ್ಮನೆ ಆಡುವವನಲ್ಲ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಪ್ರಕಟಣೆ ಹೇಳುತ್ತ ಬದುಕು ಸವೆಸಿ, ಈಚೆಗಷ್ಟೇ ನಿವೃತ್ತನಾದವನು ನಾನು. ಗಾಡಿ ತಡವಾದರೆ 'ತಡವಾಗಿದೆ' ಎನ್ನುತ್ತಿದ್ದೆನೇ ಹೊರತು 'ಸರ್ವನಾಶವಾಗಿದೆ' ಎಂದವನಲ್ಲ. ಆದರೂ ಹೇಳುತ್ತೇನೆ, ಪ್ರತಿ ಶನಿವಾರ ಸಂಜೆ ನನ್ನದೇ ಮನೆಯ ಹಜಾರದಲ್ಲಿ, ನಾನೇ ಕೊಂಡುತಂದ ಸೋಫಾದ ಮೇಲೆ ಕೂತು ಈ ಹೆಂಗಸರು ನಡೆಸುವುದು ಶುದ್ಧ ಅನ್ಯಾಯ.

ನನ್ನ ಹೆಂಡತಿ ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಲ್ಲಿ ಶುರುವಾದ ಒಂದು ಟಿ.ವಿ. ಧಾರಾವಾಹಿ ಇದೆ. ಇನ್ನೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ಅದರಲ್ಲಿ ಒಬ್ಬ ಕ್ಯಾಪ್ಟನ್. ಲಡಕಾಸಿ ಆಕಾಶನೌಕೆಯೊಂದರಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುತ್ತ, ಸಿಕ್ಕ ಸಿಕ್ಕ ಗ್ರಹಗಳನ್ನೆಲ್ಲ ವಿನಾಶದಿಂದ ಪಾರು ಮಾಡುವುದು ಅವನ ಕಸುಬು. ಅವನಿಗೆ ಯಾವಾಗಲೂ ಒಬ್ಬಳು ಜೊತೆಗಾತಿ. ಕೆಲವು ವರ್ಷಕ್ಕೊಮ್ಮೆ ಹಳಬಳು ಹೋಗಿ ಹೊಸಬಳು ಬರುತ್ತಾಳೆ, ಈಗಿನವಳು ಏಳನೆಯವಳು. (ಅವರಿಗೆಲ್ಲ ಹೆಸರುಗಳಿವೆ. ಆದರೆ ನಮ್ಮ ಮನೆಯಲ್ಲಿ ಮಹಾರಾಣಿಯರ ಹಾಗೆ ಸಂಖ್ಯೆಯಿಂದಲೇ ಕರೆಯುತ್ತಾರೆ.) ಜೊತೆಗಾತಿಯ ಘನಕಾರ್ಯ ಏನೆಂದರೆ ಟಾರ್ಚ್ ಹಿಡಿಯುವುದು, 'ಈಗೇನು ಮಾಡೋದು ಕ್ಯಾಪ್ಟನ್?' ಎಂದು ಕೇಳುವುದು. ಅಷ್ಟೇ. ಈ ಅಭಿಪ್ರಾಯವನ್ನು ಒಮ್ಮೆ ಬಾಯಿಬಿಟ್ಟು ಹೇಳಿದ್ದಕ್ಕೆ ಎರಡು ದಿನ ನನ್ನ ಚಹಾ ನಾನೇ ಮಾಡಿಕೊಳ್ಳಬೇಕಾಯಿತು.

ಶನಿವಾರದ ಮಹಾಸಭೆಯಲ್ಲಿ ಮೂವರು ವಿದ್ವಾಂಸರಿದ್ದಾರೆ. ನನ್ನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಮತ್ತು ಮೇಲಿನ ಮಹಡಿಯ ಹಲ್ಲಿನ ಡಾಕ್ಟರಮ್ಮ. ಅಧ್ಯಕ್ಷ ಪೀಠ ಡಾಕ್ಟರಮ್ಮನದು. ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ಮಾತಾಡಲಾಗದೆ ಕೂತವರ ಮುಖ ನೋಡಿ, ನೋವು ಎಷ್ಟಿದೆ ಎಂದು ಹೇಳುವುದು ಅವರ ವೃತ್ತಿಯಲ್ಲವೇ? ಅದೇ ವಿದ್ಯೆಯನ್ನು ಇಲ್ಲಿಗೂ ತಂದಿದ್ದಾರೆ. ಪ್ರತಿ ಕಂತನ್ನೂ ಎರಡು ಸಲ ನೋಡಬೇಕು. ಮೊದಲ ಸಲ ಎಲ್ಲರ ಹಾಗೆ. ಎರಡನೆಯ ಸಲ ದನಿ ಪೂರ್ತಿ ತೆಗೆದುಹಾಕಿ, ಜೊತೆಗಾತಿಯ ಮುಖವನ್ನು ಮಾತ್ರ. ಕ್ಯಾಪ್ಟನ್ನಿನ ಮಾತು ಅಡ್ಡ ಬರುತ್ತದಂತೆ.

ಈಚಿನ ಒಂದು ಕಂತಿನಲ್ಲಿ ಕ್ಯಾಪ್ಟನ್ ಶತ್ರುಗಳ ಇಡೀ ಪಡೆಯೆದುರು ಒಬ್ಬನೇ ನಿಂತು ಭಾಷಣ ಮಾಡಿದ. ಒಂದು ಗುಂಡೂ ಹಾರಿಸದೆ, ಬರೀ ನಾಲಿಗೆಯ ಬಲದಿಂದ ಅವರನ್ನು ಬಂದ ದಾರಿಗೆ ಅಟ್ಟಿದ. ನನ್ನ ಕಣ್ಣಲ್ಲಿ ನೀರು ಬಂತು. (ವೃತ್ತಿಬಾಂಧವ್ಯ.) ಎರಡನೆಯ ಸಲಕ್ಕೆ ಮಗಳು ರಿಮೋಟ್ ಒತ್ತಿದಳು. ಆ ಮಹಾನುಭಾವ ಮೀನಿನ ಹಾಗೆ ಬಾಯಿ ತೆರೆದು ಮುಚ್ಚತೊಡಗಿದ.

"ನಿಲ್ಸು, ನಿಲ್ಸು," ಎಂದರು ಡಾಕ್ಟರಮ್ಮ. "ಮೂಲೇಲಿ ನೋಡಿ. ಏಳನೆಯವಳು ಉಗುಳು ನುಂಗಿದ್ಲು. ಎಂಜಿನ್ ಕೆಟ್ಟಿದೆ ಅಂತ ಅವಳಿಗೆ ಮೊದಲೇ ಗೊತ್ತು."

"ಗೊತ್ತಿದ್ರೂ ಹೇಳ್ತಿಲ್ಲ," ಎಂದಳು ನನ್ನವಳು. "ಅವನು ಮಾತು ಶುರು ಮಾಡಿದ್ದಾನಲ್ಲ, ಈಗ ಏನು ಹೇಳಿದ್ರೂ ಅವನ ಕಿವಿಗೆ ಹೋಗಲ್ಲ."

"ಎರಡನೆಯವಳು ಆಗಿದ್ರೆ ಹೇಳಿಬಿಡ್ತಿದ್ಲು," ಎಂದಳು ಮಗಳು.

"ಅದಕ್ಕೇ ಎರಡನೆಯವಳು ಬಾಳಲಿಲ್ಲ," ಎಂದರು ಡಾಕ್ಟರಮ್ಮ.

ನನಗೆ ತಡೆಯಲಾಗಲಿಲ್ಲ. "ಗ್ರಹ ಉಳಿಸಿದವನು ಅವನು. ಅವಳು ಸುಮ್ನೆ ನಿಂತಿದ್ಲು," ಎಂದೆ.

"ಇಂಥವರ ಪಕ್ಕ ಸುಮ್ನೆ ನಿಲ್ಲೋದು ಎಷ್ಟು ಕಷ್ಟ ಅಂತ ನಿಂತವರಿಗೇ ಗೊತ್ತು," ಎಂದಳು ಹೆಂಡತಿ, ಪರದೆಯಿಂದ ಕಣ್ಣು ಕೀಳದೆ.

ಇಷ್ಟನ್ನೂ ನಾನು ನುಂಗಿಕೊಂಡಿದ್ದೆ. ಆದರೆ ಕಳೆದ ಶನಿವಾರದ್ದನ್ನು ಮಾತ್ರ ನುಂಗಲು ಆಗುತ್ತಿಲ್ಲ.

ಅದಕ್ಕೆ ಕೆಲವು ದಿನ ಮುಂಚೆ ನಿಲ್ದಾಣದವರು ನನಗೊಂದು ಬೀಳ್ಕೊಡುಗೆ ಸಮಾರಂಭ ಮಾಡಿದ್ದರು. ಒಂದನೇ ಪ್ಲಾಟ್‌ಫಾರ್ಮಿನ ತುದಿಯಲ್ಲಿ ವೇದಿಕೆ, ವೇದಿಕೆಯ ಮೇಲೆ ನಾನು, ನನ್ನ ಹಿಂದಿನ ಕುರ್ಚಿಯಲ್ಲಿ ಹೆಂಡತಿ, ಎದುರಿನ ಸಾಲಿನಲ್ಲಿ ಮಗಳು ಮತ್ತು ಡಾಕ್ಟರಮ್ಮ. ಭಾಷಣವನ್ನು ವಾರಗಟ್ಟಲೆ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದ್ದೆ. ಅದರ ಕೊನೆಯಲ್ಲಿ ಅವಳ ಬಗ್ಗೆ ನಾಲ್ಕು ಮಾತಿದ್ದವು. ಮದುವೆಯಾದಾಗಿನಿಂದ ಮನೆಯೊಳಗೆ ಹೇಳಲು ಬಾಯಿ ಬಾರದ ಮಾತುಗಳು. ಮೈಕ್ ಇಲ್ಲದೆ ನನಗೆ ಅಂಥವೆಲ್ಲ ಹೊರಡುವುದಿಲ್ಲ. ನಾನು ಆ ಭಾಗಕ್ಕೆ ಬರುವುದಕ್ಕೂ, ಗೂಡ್ಸ್ ಗಾಡಿಯೊಂದು ಧಡಧಡನೆ ನುಗ್ಗುವುದಕ್ಕೂ ಸರಿಹೋಯಿತು. ಮುಗಿಯದ ಗಾಡಿ. ಅದರ ಕೊನೆಯ ಡಬ್ಬಿ ದಾಟುವಷ್ಟರಲ್ಲಿ ನಾನು 'ನಮಸ್ಕಾರ' ಎಂದಾಗಿತ್ತು. ನನ್ನ ಮಾತು ಒಂದು ನರಪಿಳ್ಳೆಗೂ ಕೇಳಿಸಲಿಲ್ಲ, ಅವಳಿಗೂ.

ಪುಣ್ಯಕ್ಕೆ ಟಿಕೆಟ್ ಕೌಂಟರಿನವನು ಸ್ಪೀಕರಿನ ಪಕ್ಕದಲ್ಲೇ ನಿಂತು ಫೋನಿನಲ್ಲಿ ಚಿತ್ರೀಕರಿಸಿದ್ದ. "ಸಾರ್, ಒಂದಕ್ಷರ ಬಿಡದೆ ಬಂದಿದೆ," ಎಂದು ಕಳಿಸಿದ. ಶನಿವಾರ ಅವರ ಕಂತು ಮುಗಿದ ಮೇಲೆ ನಾನು ಗಂಟಲು ಸರಿಮಾಡಿಕೊಂಡು, ಇದನ್ನೊಮ್ಮೆ ನೋಡೋಣ ಎಂದೆ. ಆಶ್ಚರ್ಯ, ಮೂವರೂ ಒಪ್ಪಿದರು. ಮಗಳು ಅದನ್ನು ಟಿ.ವಿ.ಗೆ ಹಾಕಿದಳು. ಆಮೇಲೆ ರಿಮೋಟ್ ಎತ್ತಿ ದನಿ ತೆಗೆದುಹಾಕಿದಳು.

"ಏಯ್, ದನಿ," ಎಂದೆ.

"ಮೂವರೂ ಆವತ್ತು ಅಲ್ಲೇ ಇದ್ವಲ್ಲ ಅಂಕಲ್," ಎಂದರು ಡಾಕ್ಟರಮ್ಮ, ನ್ಯಾಯಾಧೀಶರ ಗಾಂಭೀರ್ಯದಿಂದ. (ನನಗಿಂತ ನಾಲ್ಕೇ ವರ್ಷ ಚಿಕ್ಕವರು. ಅಂಕಲ್ ಅಂತೆ.) "ಮೊದಲನೇ ಸಲ ಆಗಿಹೋಯ್ತು. ಇದು ಎರಡನೇದು."

"ಗೂಡ್ಸ್ ಗಾಡಿ ಬಂದು ಏನೂ ಕೇಳಿಸಲಿಲ್ವಲ್ಲ ತಾಯಿ."

"ನಿಯಮ ಅಂದ್ರೆ ನಿಯಮ ಅಪ್ಪ," ಎಂದಳು ಮಗಳು.

ಜೀವಮಾನವಿಡೀ ಜನ ನನ್ನ ಮುಖ ನೋಡದೆ ದನಿ ಕೇಳಿದ್ದಾರೆ. ನನ್ನ ಸ್ವಂತ ಮನೆಯಲ್ಲಿ ದನಿ ಕಿತ್ತು ಮುಖ ಉಳಿಸಿದರು. ಅದನ್ನಾದರೂ ನೋಡಿದರೇ? ಅದೂ ಇಲ್ಲ. ನನ್ನ ಮೊಣಕೈ ಸಂದಿಯಲ್ಲಿ ಕಾಣುತ್ತಿದ್ದ ಹೆಂಡತಿಯ ಮುಖಕ್ಕೆ ಭಾಷ್ಯ ಬರೆಯತೊಡಗಿದರು.

"ಇಲ್ಲಿ ಅಮ್ಮಂಗೆ ಬೇಜಾರು," ಎಂದಳು ಮಗಳು.

"ಬೇಜಾರಲ್ಲ, ಕನಿಕರ," ಎಂದರು ಡಾಕ್ಟರಮ್ಮ. "ಅರಿವಳಿಕೆ ಇಳಿದಮೇಲೆ ಗೊತ್ತಾಗತ್ತೆ ಅನ್ನೋ ಕನಿಕರ."

ನನಗೆ ಮೈ ಉರಿದುಹೋಯಿತು. "ಎಲ್ಲಿ ಕನಿಕರ? ಹಿಂದಕ್ಕೆ ಹಾಕು," ಎಂದೆ. ಮಗಳು ಹಿಂದಕ್ಕೆ ಹಾಕಿದಳು. ನಾನು ಎದ್ದು ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ಅಷ್ಟು ಹೊತ್ತು ಅವಳ ಮುಖವನ್ನು ನಾನು ಯಾವಾಗ ನೋಡಿದ್ದೆನೋ ನೆನಪಾಗಲಿಲ್ಲ. "ಕಣ್ಣು ನೋಡಿ, ಕಣ್ಣು. ಅದು ಹೆಮ್ಮೆ. ಗದ್ದ ಎತ್ತಿದ್ದು ಕಾಣಲ್ವಾ? ಇನ್ನೊಂದು ಸಲ ಹಾಕು. ನಿಧಾನಕ್ಕೆ. ಹೆಮ್ಮೆ ಅಲ್ದೆ ಏನು ಇದು?"

ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ನನ್ನವಳನ್ನೇ ಕೇಳಿದೆ, "ನೀನೇ ಹೇಳು. ಆಗ ಏನು ಯೋಚನೆ ಮಾಡ್ತಿದ್ದೆ?"

"ಇಸ್ತ್ರಿಪೆಟ್ಟಿಗೆ ಆರಿಸಿ ಬಂದ್ನಾ ಇಲ್ವಾ ಅಂತ," ಎಂದಳು.

"ಪಾತ್ರದವರ ಸ್ವಂತ ಹೇಳಿಕೆಗೆ ಇಲ್ಲಿ ಬೆಲೆ ಇಲ್ಲ," ಎಂದರು ಡಾಕ್ಟರಮ್ಮ. "ಕಂಡದ್ದಷ್ಟೇ ಸಾಕ್ಷಿ."

"ಸರಿಯಾಗಿ ಹೇಳಿದ್ರಿ," ಎಂದೆ ನಾನು. ಎಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಪರದೆ ಕಪ್ಪಾಗಿತ್ತು. ಭಾಷಣ ಮುಗಿದಿತ್ತು. ಕೊನೆಯ ಭಾಗ ಬಂದದ್ದನ್ನೂ ಹೋದದ್ದನ್ನೂ ನಾನೇ ಗಮನಿಸಿರಲಿಲ್ಲ.

ಆಗ ಹೆಂಡತಿ ಕೇಳಿದಳು, "ಅಲ್ಲ ರೀ, ಕೊನೇಲಿ ಏನು ಹೇಳ್ತಿದ್ರಿ? ತುಂಬ ಹೊತ್ತು ಬಾಯಿ ಅಲ್ಲಾಡ್ತಿತ್ತು."

ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. ಮೈಕ್ ಇರಲಿಲ್ಲ.

"ಏನಿಲ್ಲ. ವಂದನಾರ್ಪಣೆ," ಎಂದೆ.

ಮೂವರೂ ತಿರುಗಿ ನನ್ನನ್ನು ನೋಡಿದರು. ನನ್ನ ಕಿವಿ ಬಿಸಿಯಾಯಿತು.

"ಹುಬ್ಬು ನೋಡಿ," ಎಂದರು ಡಾಕ್ಟರಮ್ಮ ಮೆಲ್ಲಗೆ.

"ನೋಡಿದೆ," ಎಂದಳು ನನ್ನವಳು, ಅಷ್ಟೇ ಮೆಲ್ಲಗೆ. ಮುಗುಳ್ನಕ್ಕಳೋ ಇಲ್ಲವೋ ಹೇಳಲಾರೆ. "ಇವರನ್ನ ಇಷ್ಟು ವರ್ಷ ಕ್ಯಾಪ್ಟನ್ ಅಂದ್ಕೊಂಡಿದ್ದೆ. ಇವರೂ ಮೂಲೇಲಿ ನಿಲ್ಲೋರೇ. ದನಿ ತೆಗೆದೇ ನೋಡಬೇಕಿತ್ತು."

ನಾನು ಎದ್ದು ನಿಂತು ಉಗ್ರವಾಗಿ ಪ್ರತಿಭಟಿಸಿದೆ. ನಿಲ್ದಾಣದ ನಾಲ್ಕೂ ಪ್ಲಾಟ್‌ಫಾರ್ಮಿಗೆ ಕೇಳಿಸುವ ದನಿಯಲ್ಲಿ, ಒಂದಾದ ಮೇಲೊಂದು ಅಕಾಟ್ಯ ವಾದ ಹೂಡಿದೆ. ಮೂವರೂ ತಲೆ ಓರೆ ಮಾಡಿಕೊಂಡು, ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತ ಕೂತರು. ಒಬ್ಬರೂ ಒಂದಕ್ಷರ ಕೇಳಿಸಿಕೊಳ್ಳಲಿಲ್ಲ.