ನನ್ನ ಚೀಟಿಯಲ್ಲಿ ಮಾಬುಬಿ

ಬಟ್ಟೆ ಹೊಲಿಯುವವರ ಪಂಚಾಂಗದಲ್ಲಿ ಇರುವುದು ಒಂದೇ ದಿನ, ಅದರ ಹೆಸರು ನಾಳೆ. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬ್ಲೌಸ್ ಹೊಲಿಯುತ್ತಿರುವ ನಾನು ಈ ನಾಳೆಯನ್ನು ಊರಿಗೆಲ್ಲ ಧಾರಾಳವಾಗಿ ಹಂಚಿದ್ದೇನೆ. ತಂಬ್ರಹಳ್ಳಿಯಿಂದ ಬಸ್ಸು ಹತ್ತಿ ಬಂದವರು ಬಾಗಿಲಲ್ಲಿ ನಿಂತು, "ಶಾರದಮ್ಮ, ಖರೇನ ನಾಳೆನಾ?" ಎಂದು ಕೇಳುತ್ತಾರೆ. ನಾನು ಮಿಷನ್ನಿನಿಂದ ತಲೆ ಎತ್ತದೆ "ಖರೇನ" ಅನ್ನುತ್ತೇನೆ. ತಲೆ ಎತ್ತಿದರೆ ಮುಖ ನೋಡಬೇಕು, ಮುಖ ನೋಡಿದರೆ ಸುಳ್ಳು ಹೇಳುವುದು ಕಷ್ಟ. ಇಷ್ಟು ಒಪ್ಪಿಕೊಂಡ ಮೇಲೆ ಇದಕ್ಕಿಂತ ದೊಡ್ಡ ತಪ್ಪೊಂದನ್ನು ಒಪ್ಪಿಕೊಳ್ಳಲು ಧೈರ್ಯ ಬರಬಹುದು ಅಂದುಕೊಂಡಿದ್ದೇನೆ.

ನಮ್ಮೂರ ಆಸ್ಪತ್ರೆಯ ಸಿಸ್ಟರ್ ನನ್ನ ಗಿರಾಕಿ. ಒಂದು ಬ್ಲೌಸಿಗಾಗಿ ತಿಂಗಳಿಡೀ ಅಲೆದು ಸಾಕಾಗಿ, "ಬ್ಲೌಸ್ ಹಂಗಿರ್ಲಿ, ಗುರುವಾರ ನೀವು ಆಸ್ಪತ್ರಿಗೆ ಬರ್ರಿ. ಗರ್ಭಕೋಶದ ಬಾಯಿ ಕ್ಯಾನ್ಸರ್ ತಪಾಸಣಿ ಐತಿ" ಎಂದರು. "ನನಗೇನಾಗೈತ್ರಿ?" ಎಂದೆ. "ಏನೂ ಆಗದಿದ್ದಾಗ ಮಾಡಿಸೋ ತಪಾಸಣಿನ ಇದು. ಎಲ್ಲಾ ಆದಮ್ಯಾಲೆ ಬಂದ್ರ ಕಷ್ಟ ಆಗ್ತೈತಿ" ಎಂದು ನನ್ನ ಹೆಸರು ಬರೆದುಕೊಂಡೇ ಹೋದರು.

ನಮ್ಮ ಕಡೆ ಹೆಂಗಸರು ಆಸ್ಪತ್ರೆಗೆ ಒಬ್ಬರೇ ಹೋಗುವುದಿಲ್ಲ. ಜೊತೆಗೆ ಇನ್ನೊಬ್ಬರು ಬೇಕು. ನನ್ನ ಜೊತೆ ಬಂದವಳು ಮಾಬುಬಿ. ಅವಳ ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಅವಳು ನನ್ನ ಅಂಗಡಿಯಲ್ಲಿ ಹುಕ್ಕು ಹಚ್ಚುತ್ತಾಳೆ, ಗುಂಡಿಗೆ ಕಾಜಾ ಮಾಡುತ್ತಾಳೆ. ಹನ್ನೊಂದು ವರ್ಷಗಳಿಂದ ನಾನು ಅರ್ಧಕ್ಕೆ ಬಿಟ್ಟಿದ್ದನ್ನೆಲ್ಲ ಮುಗಿಸುವುದೇ ಅವಳ ಕೆಲಸ. ನನ್ನ ಚೀಟಿಯನ್ನೂ ಅವಳೇ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದಳು.

ಒಳಗಿಂದ "ಶಾರದಮ್ಮ" ಎಂದು ಕರೆದರು. ನಾನು ಬೆಂಚು ಬಿಟ್ಟು ಏಳಲಿಲ್ಲ. ಊರಿನ ಹೆಂಗಸರನ್ನೆಲ್ಲ ನಿಲ್ಲಿಸಿ, ನಾಚಿಕೊಂಡವರಿಗೆ "ಸೆಟಗೊಂಡು ನಿಲ್ಲಬ್ಯಾಡ್ರಿ, ಮೈ ಸಡ್ಲ ಬಿಡ್ರಿ" ಎಂದು ಗದರಿ ಅಳತೆ ತೆಗೆದವಳು ನಾನು. ನನ್ನ ಪಾಳಿ ಬಂದಾಗ ಮೈ ಕೊರಡಾಯಿತು. "ಮಾಬುಬಿ, ನೀನ ಹೋಗಿ ಬಾರವ್ವ. ಹೆಂಗಿರ್ತೈತಿ ನೋಡ್ಕೊಂಡು ಬಾ, ಆಮ್ಯಾಲೆ ನಾ ಹೋಗ್ತೀನಿ" ಎಂದೆ. ಅವಳು ನನ್ನ ಮುಖ ನೋಡಿದಳು. "ಒಳಗ ಹೆಸರೇನು ನೋಡ್ತಾರ, ಬಿಡು ಅಕ್ಕ" ಎಂದು ನನ್ನ ಚೀಟಿ ಹಿಡಿದು ಎದ್ದೇ ಹೋದಳು. ಗುರುತಿನ ಸಿಸ್ಟರ್ ಹೊರಗೆ ಚೀಟಿ ಬರೆಯುವ ಗದ್ದಲದಲ್ಲಿದ್ದರು, ಗಮನಿಸಲಿಲ್ಲ. ಐದು ನಿಮಿಷಕ್ಕೆ ಹೊರಬಂದ ಮಾಬುಬಿ, "ಅಷ್ಟ. ಮೂಗು ಚುಚ್ಚಿಸ್ಕೊಂಡಷ್ಟೂ ನೋವಿಲ್ಲ. ಒಂದೀಟು ತಗದು ಲ್ಯಾಬಿಗೆ ಕಳಸ್ತಾರಂತ. ನೀ ಹೋಗು" ಎಂದಳು. ಆಗ ನನಗೆ ಯಾವುದೋ ಮದುಮಗಳ ಬ್ಲೌಸ್ ತುರ್ತಾಗಿ ನೆನಪಾಯಿತು. ನಾಳೆ ಬಂದರಾಯಿತು ಎಂದು ಅವಳನ್ನು ಎಳೆದುಕೊಂಡು ಬಂದೆ.

ಎರಡು ವಾರ ಕಳೆದವು. ಒಂದು ಬೆಳಿಗ್ಗೆ ಫೋನ್ ಎತ್ತಿದ ನನ್ನ ಯಜಮಾನರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಸಿಸ್ಟರ್ ಫೋನ್ ಮಾಡಿದ್ರು. ನಿನ್ನ ರಿಪೋರ್ಟಿನಾಗ ಏನೋ ಫರಕ್ ಐತಂತ. ಹೊಸಪೇಟಿಗೆ ಹೋಗಿ ತೋರಿಸ್ಬೇಕಂತ" ಎಂದರು. ನನ್ನನ್ನು ಕೂರಿಸಿ ತಾವೇ ಚಹಾ ಮಾಡಲು ಹೊರಟರು. ಮದುವೆಯಾದಾಗಿನಿಂದ ಒಲೆ ಹಚ್ಚಿದವರಲ್ಲ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಲೂ ಆಗದೆ ಸಕ್ಕರೆಯಿಲ್ಲದ ಚಹಾ ತಂದುಕೊಟ್ಟರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಮೊದಲು ಆದದ್ದು ಸಮಾಧಾನ. ನನ್ನದಲ್ಲ ಅದು, ದೇವರು ದೊಡ್ಡವನು ಎಂದು ಒಂದು ಗುಟುಕು ಕುಡಿದೆ. ಎರಡನೆಯ ಗುಟುಕಿಗೆ ಎತ್ತಿದ ಲೋಟ ಕೆಳಗಿಟ್ಟೆ. ನನ್ನದಲ್ಲ ಅಂದರೆ ಅದು ಮಾಬುಬಿಯದು.

ರಿಪೋರ್ಟ್ ನನ್ನದಲ್ಲ ಎಂದಷ್ಟೇ ಯಜಮಾನರಿಗೆ ಹೇಳಿ, ಅಂಗಡಿಯಲ್ಲಿ ಅವಳಿಗೆ ವಿಷಯ ತಿಳಿಸಿದೆ. "ನಿನ್ನ ಹೆಸರಿಗೆ ಬಂದದ್ದು, ನೀನ ಇಟ್ಕೋ ಅಕ್ಕ" ಎಂದು ನಕ್ಕಳು. ಆಮೇಲೆ ಸೂಜಿಗೆ ದಾರ ಪೋಣಿಸಲು ಮೂರು ಸಲ ನೋಡಿದಳು, ಆಗಲಿಲ್ಲ. ನಾನೇ ಪೋಣಿಸಿಕೊಟ್ಟೆ. ಇಬ್ಬರೂ ಹೋಗಿ ಸಿಸ್ಟರಿಗೆ ನಿಜ ಹೇಳಿದೆವು. "ನಿಮ್ಮ ಚೀಟ್ಯಾಗ ಇವರನ್ನ ಕಳಸೀರಿ. ಫೋನ್ ಬಂದಾಗ ನಂದಲ್ಲಂತ ನೀವು ಸುಮ್ಮನಿದ್ದಿದ್ರ ಇವರನ್ನ ಎಲ್ಲಿ ಹುಡುಕಬೇಕಿತ್ರಿ ನಾವು?" ಎಂದರು. ಬೈಯುತ್ತಲೇ ಹೆಸರು ತಿದ್ದಿ, ಹೊಸಪೇಟೆಗೆ ಹೊಸ ಚೀಟಿ ಬರೆದರು.

ಅಲ್ಲಿ ಮತ್ತೆ ಪರೀಕ್ಷೆ ಮಾಡಿದರು. ಕ್ಯಾನ್ಸರ್ ಆಗಿರಲಿಲ್ಲ. ಹಾಗೇ ಬಿಟ್ಟರೆ ವರ್ಷಗಳ ಮೇಲೆ ಆಗಬಹುದಾದ ಒಂದಿಷ್ಟು ಜಾಗವಿತ್ತಂತೆ. ಅಷ್ಟನ್ನು ತೆಗೆದು ಸಂಜೆಗೆ ಮನೆಗೆ ಕಳಿಸಿದರು, ಹೇಳಿದಾಗೆಲ್ಲ ಬಂದು ತೋರಿಸಿಕೊಳ್ಳಬೇಕು ಎಂದರು. ನಾನು ಬಸ್ಸಿನಲ್ಲಿ ಅವಳ ಕೈ ಹಿಡಿದುಕೊಂಡು ಊರು ಬರುವವರೆಗೂ ಅತ್ತೆ. ಅವಳು ಕಡಲೆಕಾಯಿ ತಿನ್ನುತ್ತಿದ್ದಳು.

ಈಗ ಓಣಿಯಲ್ಲಿ ನನ್ನದೇ ಸುದ್ದಿ. ಶಾರದಮ್ಮ ತನ್ನ ಪಾಳಿ ಬಿಟ್ಟುಕೊಟ್ಟು ಒಂದು ಜೀವ ಉಳಿಸಿದಳಂತೆ. ಮಾಬುಬಿಯ ಗಂಡ ಬಂದು ನನ್ನ ಮಿಷನ್ನಿಗೆ ಎಣ್ಣೆ ಬಿಟ್ಟು, ಸಡಿಲಾದ ಪೆಡಲು ಬಿಗಿ ಮಾಡಿ, ದುಡ್ಡು ಮುಟ್ಟದೆ ಹೋದ. ಹೆದರಿ ತಪ್ಪಿಸಿಕೊಂಡೆ ಎಂದು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಸಿಸ್ಟರ್ ಬಿಟ್ಟರೆ ಮಾಬುಬಿಗೆ ಮಾತ್ರ ಗೊತ್ತು. ಹೊಸಪೇಟೆಯಿಂದ ಬಂದ ಮುಂದಿನ ಗುರುವಾರ ಅವಳೇ, "ಈ ಸಲ ನಿನ್ನ ಕೆಲಸ ನಾ ಮುಗಿಸಂಗಿಲ್ಲ, ನಡಿ" ಎಂದು ಮಣಿಕಟ್ಟು ಹಿಡಿದು ಕರೆದೊಯ್ದು, ನಾನು ಒಳಗೆ ಹೋದ ಮೇಲೆ ಬಾಗಿಲಿಗೆ ಅಡ್ಡ ಕೂತಳು. ಒಳಗೆ ಸಿಸ್ಟರ್, "ಸೆಟಗೋಬ್ಯಾಡ್ರಿ, ಮೈ ಸಡ್ಲ ಬಿಡ್ರಿ" ಎಂದರು.

ಅದಾಗಿ ಎರಡು ವಾರವಾಯಿತು. ಇವತ್ತು ಸಿಸ್ಟರ್ ಅವರ ಬ್ಲೌಸ್ ಹೊಲಿದು, ಇಸ್ತ್ರಿ ಹಾಕಿ, ನಾನೇ ಆಸ್ಪತ್ರೆಗೆ ಒಯ್ದೆ. ಬ್ಲೌಸಿನ ನೆಪ ಅವರಿಗೆ ತಿಳಿಯಿತು. "ನಿಮ್ಮ ರಿಪೋರ್ಟ್ ನಾಳೆ ಬರ್ತೈತ್ರಿ" ಎಂದರು. ನಾನು ಬಾಗಿಲಲ್ಲೇ ನಿಂತೆ.

"ಸಿಸ್ಟರ್, ಖರೇನ ನಾಳೆನಾ?"

ಅವರು ರಿಜಿಸ್ಟರಿನಿಂದ ತಲೆ ಎತ್ತದೆ "ಖರೇನ" ಅಂದರು.