ಮುನ್ನೂರು ಚದರ ಕಿಲೋಮೀಟರಿನ ಒಡೆಯ

ದೇವರು ಈ ಜಗತ್ತನ್ನು ಆರು ದಿನದಲ್ಲಿ ಮಾಡಿ ಮುಗಿಸಿ, ಏಳನೆಯ ದಿನ ಕಾಲು ಚಾಚಿ ಮಲಗಿದನಂತೆ. ನನ್ನ ಜಗತ್ತಿಗೆ ಏಳು ವರ್ಷ ಹಿಡಿಯಿತು, ಮಲಗುವುದಕ್ಕಂತೂ ಇನ್ನೂ ಅಪ್ಪಣೆಯಾಗಿಲ್ಲ. ಕಾರಣ ಇಷ್ಟೇ: ದೇವರಿಗೆ ಹೆಂಡತಿ ಇರಲಿಲ್ಲ.

ನನ್ನ ಹೆಸರು ರೊಸೇರ್. ಮಾಂಟ್ರಿಯಲ್ಲಿನ ಒಂದು ವಿಡಿಯೋ ಗೇಮ್ ಕಂಪನಿಯಲ್ಲಿ ನನ್ನ ಉದ್ಯೋಗ ಭೂಮಿ ಮಾಡುವುದು. ನಮ್ಮ ಆಟದಲ್ಲಿ ಕುದುರೆ ಏರಿದ ಅಲೆಮಾರಿಯೊಬ್ಬ ಕಾಣೆಯಾದ ತಮ್ಮನನ್ನು ಹುಡುಕಿಕೊಂಡು ಹೋಗುತ್ತಾನೆ. ಎತ್ತ ಬೇಕಾದರೂ ಹೋಗಬಹುದು, ಯಾರೂ ತಡೆಯುವುದಿಲ್ಲ. ಆ ‘ಎತ್ತ ಬೇಕಾದರೂ’ ಎನ್ನುವುದನ್ನು ಮಾಡಿದವನು ನಾನು. ಬೆಟ್ಟ, ಕಾಡು, ಕಣಿವೆ ಎಲ್ಲ ಸೇರಿ ಮುನ್ನೂರು ಚದರ ಕಿಲೋಮೀಟರು. (ಎದುರು ಬೀದಿಯ ಕಂಪನಿಯವರದು ಬರೀ ಇನ್ನೂರ ಐವತ್ತು. ಇದನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಒಮ್ಮೆ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಹೇಳಿದ್ದೇನೆ.) ಬೆಳಿಗ್ಗೆ ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿದರೆ ಸಾಕು, ನನ್ನ ಬೆಟ್ಟಗಳು ಒಂದರ ಹಿಂದೊಂದು ನೀಲಿಯಾಗಿ ಸರಿದುಹೋಗುತ್ತಿದ್ದವು. ಎಷ್ಟೋ ಸಲ ನಾನಿಳಿಯಬೇಕಾದ ನಿಲ್ದಾಣವೂ ಅವುಗಳ ಜೊತೆಗೇ ಸರಿದುಹೋಗಿದೆ.

ಇಂಥ ಸುಖಕ್ಕೆ ಕಲ್ಲು ಹಾಕಿದವರು ನಮ್ಮ ಮುಖ್ಯಸ್ಥೆ ಓಡೆಟ್. ಫೆಬ್ರವರಿಯ ಒಂದು ದಿನ ಕರೆದು ಹೇಳಿದರು: “ರೊಸೇರ್, ಆಡಿ ನೋಡಿ ಅಂತ ಕೂರಿಸಿದೋರೆಲ್ಲ ಎರಡನೇ ಬೆಟ್ಟ ಹತ್ತೋ ಹೊತ್ತಿಗೆ ಆಕಳಿಸ್ತಿದಾರೆ. ಒಬ್ಬ ಅಂತೂ ಕುದುರೆ ಮೇಲೇ ನಿದ್ದೆ ಹೋದ. ನಕ್ಷೆ ಕತ್ತರಿಸಬೇಕಾಗತ್ತೆ ಅನ್ಸತ್ತೆ.”

ಕತ್ತರಿಸುವುದೇ! ಏಳು ವರ್ಷ ಸಾಕಿದ ಕೂಸನ್ನು! ನನಗೆ ಊಟ ಸೇರಲಿಲ್ಲ. (ಮಧ್ಯಾಹ್ನದ್ದು. ಸಂಜೆಯದ್ದು ಸೇರಿತು.)

ಅದೇ ವಾರ ನನ್ನ ಹೆಂಡತಿ ಸೊಲಾಂಜ್ ಮೆಟ್ಟಿಲಿನಿಂದ ಜಾರಿದಳು. ಅವಳು ಮನೆಮನೆಗೆ ಟಪಾಲು ಹಂಚುವವಳು. ಹನ್ನೊಂದು ಬೀದಿ, ಹತ್ತೊಂಬತ್ತು ವರ್ಷ. ನಮ್ಮ ಕಡೆಯ ಮನೆಗಳ ಕಬ್ಬಿಣದ ಮೆಟ್ಟಿಲು ಹೊರಗಡೆಯೇ ಹಾವಿನ ಹಾಗೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ಅದರ ಮೇಲೆ ಮಂಜು ಕಟ್ಟಿದರೆ ಹಾವಿಗೆ ಎಣ್ಣೆ ಸವರಿದ ಹಾಗೆ. ಕಾಲು ಉಳುಕಿತು. ಮೂರು ವಾರ ನಡೆಯಕೂಡದು ಎಂದರು ಡಾಕ್ಟರು. ಸೋಫಾದ ಮೇಲೆ ದಿಂಬಿಗೆ ಕಾಲು ಕೊಟ್ಟು ಕೂತು, ಬೀದಿಯ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದ ಅವಳನ್ನು ಕಂಡು ನನ್ನ ತಲೆಯಲ್ಲಿ ದೀಪ ಹತ್ತಿತು.

ನಡೆಯಲು ಹಂಬಲಿಸುವ ಹೆಂಗಸು ಒಂದು ಕಡೆ. ನಡೆದಷ್ಟೂ ಮುಗಿಯದ ನೆಲ ಇನ್ನೊಂದು ಕಡೆ. ಇವಳು ನನ್ನ ಜಗತ್ತನ್ನು ನಡೆದು ನೋಡಿ ಹೊಗಳಲಿ, ಆ ಹೊಗಳಿಕೆಯನ್ನು ಓಡೆಟ್ ಕಿವಿಗೆ ಹಾಕುವುದು. ಆಹಾ, ಏನು ಬುದ್ಧಿ! ಮರುದಿನವೇ ಕಂಪನಿಯಿಂದ ಕೇಳಿಕೊಂಡು ಆಟವನ್ನು ಮನೆಗೆ ತಂದು, ಅವಳ ಕೈಗೆ ಆಟ ನಡೆಸುವ ಗುಂಡಿಪಟ್ಟಿ ಕೊಟ್ಟೆ.

“ಕುದುರೆ ಬೇಡ ನಂಗೆ,” ಎಂದಳು ಮೊದಲಿಗೆ. “ಕುದುರೆ ಮೇಲಿಂದ ಮನೆ ನಂಬರ್ ಕಾಣಲ್ಲ.”

“ನಂಬರ್ ಎಲ್ಲಿರತ್ತೆ ಕಣೇ ಅಲ್ಲಿ? ಅದು ಪುರಾತನ ರಾಜ್ಯ!”

“ಹೋಗ್ಲಿ, ಈ ಮನೇಲಿ ಯಾರಿದಾರೆ?”

“ಯಾರೂ ಇಲ್ಲ.”

“ಇದ್ರಲ್ಲಿ?”

“ಅದರಲ್ಲೂ ಇಲ್ಲ. ಅವೆಲ್ಲ ಬರೀ ಗೋಡೆ. ಬಾಗಿಲು ತೆರೆಯಲ್ಲ.”

“ಮತ್ತೆ ಬಾಗಿಲು ಯಾಕಪ್ಪ ಮಾಡಿದೆ?”

“ಅಂದಕ್ಕೆ!”

ಅವಳು ಒಂದು ಹಳ್ಳಿಯ ನಲವತ್ತು ಬಾಗಿಲನ್ನೂ ತಟ್ಟಿದಳು, ಒಂದನ್ನೂ ಬಿಡದೆ. ಆಮೇಲೆ ಕಾಡು ಹೊಕ್ಕಳು. ಮುಕ್ಕಾಲು ಗಂಟೆ ಮಾತಿಲ್ಲ. ಮೆಚ್ಚಿದಳೆಂದೇ ನಾನು ಉಬ್ಬಿದೆ.

“ಈ ಎಡಗಡೆ ಕೊಂಬೆ ಮುರಿದಿರೋ ಮರ ಇದ್ಯಲ್ಲ,” ಎಂದಳು ಕೊನೆಗೆ. “ಇದು ಏಳನೇ ಸಲ ಸಿಗ್ತಿರೋದು. ಈಗ ನಂಗೂ ಅದಕ್ಕೂ ಗುರುತಾಗೋಗಿದೆ.”

“ಕಾಡಂದ್ರೆ ಮರ ಇರದೇ ಇನ್ನೇನಿರತ್ತೆ? ಅದರ ವಿಸ್ತಾರ ನೋಡು, ವಿಸ್ತಾರ!”

“ವಿಸ್ತಾರ ಅಲ್ಲ ಮಾರಾಯ, ನಿಸ್ಸಾರ.”

ಹೀಗೆ ಎಂಟು ದಿನ ನಡೆಯಿತು. ದಿನವೂ ಮನೆಗೆ ಬಂದರೆ ನನ್ನ ಸೃಷ್ಟಿಯ ಮೇಲೆ ಒಂದು ದೂರು ಕಾದಿರುತ್ತಿತ್ತು. ಒಂಬತ್ತನೆಯ ದಿನ ಬಾಗಿಲು ತೆರೆದಾಗ ಮನೆ ನಿಶ್ಶಬ್ದವಾಗಿತ್ತು. ಸೊಲಾಂಜ್ ತಿರುಗಿ ನೋಡಲಿಲ್ಲ. ಗುಂಡಿಪಟ್ಟಿ ಮಡಿಲಲ್ಲಿತ್ತು, ಕೈ ಅದರ ಮೇಲಿರಲಿಲ್ಲ.

“ಏನಾಯ್ತೇ?”

“ಶ್! ಕೂತ್ಕೋ.”

ಪರದೆಯ ಮೇಲೆ, ನದಿಯ ತಿರುವಿನಲ್ಲಿ, ಜೊಂಡಿನ ನಡುವೆ ಹಲಗೆಯ ಒಂದು ದೋಣಿಮನೆ. ಅದರ ಬಾಗಿಲು ತೆರೆದಿತ್ತು (ನನ್ನ ರಾಜ್ಯದಲ್ಲಿ!). ಒಳಗೆ ನೀರಿನ ಕಡೆ ಮುಖ ಮಾಡಿದ ಒಂದೇ ಕುರ್ಚಿ. ಒಲೆಯ ಮೇಲೆ ಒಂದು ಮಗ್ಗುಲು ನೆಗ್ಗಿದ ಕೆಟಲು. ಮೊಳೆಗೆ ನೇತುಹಾಕಿದ ಒದ್ದೆ ಸ್ವೆಟರು, ಅದರ ತೋಳಿನಿಂದ ನಿಧಾನವಾಗಿ ತೊಟ್ಟಿಕ್ಕುವ ನೀರು. ಯಾರೋ ಈಗಷ್ಟೇ ಎದ್ದುಹೋಗಿದ್ದಾರೆ, ಇನ್ನೇನು ಬಂದುಬಿಡುತ್ತಾರೆ ಎನಿಸುತ್ತಿತ್ತು. ಹಲಗೆಯ ಸಂದಿನಿಂದ ಬಿದ್ದ ಬಿಸಿಲಿನ ಗೆರೆ ನೆಲದ ಮೇಲೆ ತೆವಳುತ್ತಾ ಕುರ್ಚಿಯ ಕಾಲನ್ನು ಮುಟ್ಟಿತು. ಹೊರಗೆ ಬೂದು ಕೊಕ್ಕರೆಯೊಂದು ಒಂದು ಕಾಲೆತ್ತಿತು, ಕೆಳಗಿಡಲು ಮರೆಯಿತು. ನಾನು ಸೊಲಾಂಜಳ ಪಕ್ಕ ಕೂತೆ. ಯಾರೂ ಯಾರ ತಮ್ಮನನ್ನೂ ಹುಡುಕಲಿಲ್ಲ. ಕೋಟು ಬಿಚ್ಚುವುದನ್ನು ಮರೆತಿದ್ದೇನೆಂದು ಗೊತ್ತಾದದ್ದು ಮುಕ್ಕಾಲು ಗಂಟೆಯ ಮೇಲೆ, ಬೆವರಿದಾಗ.

“ಇದು ಜಾಗ ಅಂದ್ರೆ,” ಎಂದಳು ಪಿಸುಮಾತಿನಲ್ಲಿ. “ಇದನ್ನ ಮಾಡಿದೋರು ಯಾರು?”

ನಾನು ಸುಮ್ಮನೆ ಗಂಭೀರವಾಗಿ ಕೆಮ್ಮಿದೆ. ಅದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಅವಕಾಶ ಕೈಬಿಡುವುದುಂಟೆ? ಭಾನುವಾರದ ಊಟಕ್ಕೆ ಓಡೆಟ್‌ರನ್ನು ಕರೆದೆ. ಅಂಗಡಿಯಿಂದ ತಂದ ಮಾಂಸದ ಪೈ ಬಿಸಿಮಾಡಿ ಬಡಿಸಿ, ಸೊಲಾಂಜ್‌ಗೆ ಕಣ್ಣು ಹೊಡೆದೆ. ಅವಳು ಕಣ್ಣು ಹೊಡೆದದ್ದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು ನಲವತ್ತು ಬಾಗಿಲು, ಏಳು ಸಲ ಸಿಕ್ಕ ಮರ, ಎಲ್ಲವನ್ನೂ ಸವಿಸ್ತಾರವಾಗಿ ಹೇಳಿಬಿಟ್ಟಳು! ನಾನು ಅವಸರವಸರವಾಗಿ ದೋಣಿಮನೆ ತೋರಿಸಿದೆ. ಓಡೆಟ್ ಫೋರ್ಕ್ ಕೆಳಗಿಟ್ಟರು. ಪೈ ತಣ್ಣಗಾಯಿತು. ಕೊಕ್ಕರೆ ಕಾಲೆತ್ತಿ ನಿಂತೇ ಇತ್ತು.

“ಯಾರು ಮಾಡಿದ್ದು ಇದನ್ನ?” ಎಂದರು.

“ನಾನೇ,” ಎಂದಿತು ನನ್ನ ಬಾಯಿ. ಆಣೆ ಮಾಡಿ ಹೇಳುತ್ತೇನೆ, ನಾನಲ್ಲ, ಬಾಯಿ.

“ಇಷ್ಟು ಚೆನ್ನಾಗಿ ಮಾಡಕ್ಕೆ ಬರತ್ತೆ ಅಂದ್ಮೇಲೆ ಉಳಿದಿದ್ದನ್ನ ಯಾಕೆ ಹಂಗೆ ಮಾಡಿದೆ? ಸರಿ, ಗುರುವಾರದೊಳಗೆ ಇಂಥದ್ದೇ ಇನ್ನೊಂದು ಮಾಡ್ಕೊಂಡು ಬಾ.”

ಮೂರು ದಿನ ಒದ್ದಾಡಿದೆ. ಒಂದು ಬಾವಿಕಟ್ಟೆ ಮಾಡೋಣವೆಂದು ಕೂತರೆ ಸಂಜೆಗೆ ಅದು ಬೆಟ್ಟವಾಗಿರುತ್ತಿತ್ತು. ಬುಧವಾರ ಸೊಲಾಂಜ್ ಕುಂಟುತ್ತಾ ಬಂದು ನನ್ನ ಹಿಂದೆ ನಿಂತಳು.

“ಕೆಟಲು ನೆಗ್ಗಿತ್ತಲ್ಲ, ಎಡಕ್ಕೋ ಬಲಕ್ಕೋ?”

“ಎಡ... ಬಲ...”

“ನೀನಲ್ಲ ಅದನ್ನ ಮಾಡಿದ್ದು. ನಂಗೆ ಅವತ್ತೇ ಗೊತ್ತಾಯ್ತು. ನೀನು ಕೋಟು ಬಿಚ್ಚದೆ ಕೂತಿದ್ದೆಯಲ್ಲ! ತಾನೇ ಮಾಡಿದ್ದನ್ನ ಯಾರೂ ಹಂಗೆ ಬಾಯಿ ಬಿಟ್ಕೊಂಡು ನೋಡಲ್ಲ. ಪಾಪ, ಯಾರ ಕೆಲಸಾನೋ ಏನೋ! ನಾಳೆ ಹೋಗಿ ಹೇಳ್ಬಿಡು.”

“ಕೆಲಸ ಹೋದ್ರೆ?”

“ಹೋದ್ರೆ ಹೋಗ್ಲಿ. ಅವಳದ್ದು ಅವಳಿಗೆ ಸೇರ್ಲಿ.”

“ಅವಳೇ ಅಂತ ಹೆಂಗೆ ಗೊತ್ತು?”

“ಸ್ವೆಟರನ್ನ ಹಿಂಡಿ ನೇತುಹಾಕಿದಾರೆ ಕಣೋ. ನೀವು ಗಂಡಸರು ಹಿಂಡ್ತೀರಾ?”

ಬೆಳಿಗ್ಗೆ ಆಫೀಸಿನಲ್ಲಿ ವಿಚಾರಿಸಿದೆ. ಮಾಡಿದವಳು ಫಾಬಿಯೆನ್. ಕಾಫಿ ಯಂತ್ರದ ಪಕ್ಕ ಕೂರುವ, ತೀರಾ ಮೆಲ್ಲಗೆ ಮಾತಾಡುವ ಹೆಂಗಸು. ಯಾರಿಗೂ ಹೇಳದೆ ಎಂಟು ತಿಂಗಳು ಕೂತು ಆ ಒಂದೇ ಒಂದು ದೋಣಿಮನೆ ಮಾಡಿದ್ದಳು. (ಎಂಟು ತಿಂಗಳಲ್ಲಿ ನಾನಾದರೆ ಒಂದು ಜಿಲ್ಲೆ ಮುಗಿಸುತ್ತಿದ್ದೆ.) ಗುರುವಾರ ಓಡೆಟ್ ಎದುರು ನಿಂತು ಎಲ್ಲ ಒಪ್ಪಿಕೊಂಡೆ. ಅಷ್ಟು ದೊಡ್ಡ ಬಯಲು ಮಾಡಿದವನ ಬಂಡವಾಳವೇ ಬಯಲಾಯಿತು. ಓಡೆಟ್ ಎರಡೇ ವಾಕ್ಯ ಹೇಳಿದರು. ನಕ್ಷೆ ಇನ್ನು ಇಪ್ಪತ್ತೈದೇ ಚದರ ಕಿಲೋಮೀಟರು. ನಾನು ಇನ್ನು ಮೇಲೆ ಫಾಬಿಯೆನ್ ಕೈಕೆಳಗೆ.

ನನ್ನ ಬೆಟ್ಟಗಳು ಅಳಿಸಿಹೋದ ಮಧ್ಯಾಹ್ನ ನಾನು ಕಿಟಕಿಯಿಲ್ಲದ ಒಂದು ಕೋಣೆ ಹುಡುಕಿ ಸ್ವಲ್ಪ ಹೊತ್ತು ಕೂತಿದ್ದೆ. ಫಾಬಿಯೆನ್ ಬಂದು ಎದುರಿಗೆ ಕಾಫಿ ಇಟ್ಟಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

“ಚಿಕ್ಕದರಿಂದ ಶುರು ಮಾಡೋಣ,” ಎಂದಳು. “ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಜಾಗ ಮಾಡಿ. ನಿಮ್ಮ ಮನೆ ಅಡಿಗೆಮನೇನೇ ಮಾಡಿ. ನೋಡ್ಕೊಂಡು ಮಾಡಬೇಡಿ, ನೆನಪಿಂದ ಮಾಡಿ.”

ಹತ್ತು ದಿನ ಹಗಲೆಲ್ಲ ಅದೇ ಕೆಲಸ. ಮೇಜಿನ ಮೇಲಿನ ಕಾಫಿ ಕಲೆ, ಮೇಪಲ್ ಪಾಕದ ಡಬ್ಬಿ, ಗೂಟಕ್ಕೆ ನೇತುಹಾಕಿದ ಸೊಲಾಂಜಳ ಟಪಾಲು ಚೀಲ, ಎಲ್ಲ ಬಂತು. ಬೆಳಕು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನಗೇ ಕಣ್ಣು ತುಂಬಿತು. ಶನಿವಾರ ಫಾಬಿಯೆನ್ ಮನೆಗೆ ಬಂದಳು. ಪರದೆಯ ಮೇಲೆ ತೋರಿಸಿದೆ. ಇಬ್ಬರು ಹೆಂಗಸರೂ ಅಕ್ಕಪಕ್ಕ ಕೂತು ನೋಡಿದರು.

“ಅಂದವಾಗಿದೆ,” ಎಂದಳು ಸೊಲಾಂಜ್, ನಿಜವಾಗಿ ಮೆಚ್ಚಿ. ನಾನು ಒಂದಿಂಚು ಬೆಳೆದೆ. “ಕಿಟಕಿ ಎಲ್ಲಿ?”

“ಯಾವ ಕಿಟಕಿ?”

“ಪಾತ್ರೆ ತೊಳೆಯೋ ತೊಟ್ಟಿ ಮೇಲಿಂದು.”

“ಅಲ್ಲಿ ಕಿಟಕಿ ಎಲ್ಲಿದೆ? ಅಲ್ಲಿ ಇರೋದು ಗೋಡೆ. ಕ್ಯಾಲೆಂಡರ್ ಇದೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೂವರೂ ಎದ್ದು ಅಡಿಗೆಮನೆಗೆ ಹೋದೆವು. ಅಲ್ಲಿ ಕಿಟಕಿ ಇತ್ತು! ಎರಡು ರೆಕ್ಕೆಯ ದೊಡ್ಡ ಕಿಟಕಿ. ಹದಿನಾಲ್ಕು ವರ್ಷದಿಂದ ಅಲ್ಲೇ ಇತ್ತಂತೆ.

“ಎಷ್ಟು ಸಲ ಪಾತ್ರೆ ತೊಳೆದಿದೀರ?” ಎಂದು ಫಾಬಿಯೆನ್ ಬಹಳ ಮೆಲ್ಲಗೆ ಕೇಳಿದಳು.

ನಾನು ಕ್ಯಾಲೆಂಡರ್ ಎಲ್ಲಿದೆ ಎಂದು ಹುಡುಕತೊಡಗಿದೆ. (ಸೊಲಾಂಜಳ ಕಾಲು ಉಳುಕಿದ ಮೂರು ವಾರವೂ ಕಾಗದದ ತಟ್ಟೆ ತಂದು, ಅದನ್ನು ಗೃಹಕೃತ್ಯದಲ್ಲಿ ಒಂದು ಕ್ರಾಂತಿ ಎಂದು ಸಾರಿಕೊಂಡಿದ್ದೆ.)

“ಹಾಗಾದ್ರೆ ಇದೇ ನಿಮ್ಮ ಮುಂದಿನ ಕೆಲಸ,” ಎಂದಳು ಫಾಬಿಯೆನ್. “ದಿನಾ ಇಲ್ಲಿ ನಿಲ್ಲಿ. ಕಿಟಕಿ ಪೂರ್ತಿ ಗೊತ್ತಾದ ಮೇಲೆ ಕೂತು ಮಾಡಿ.”

“ಸುಮ್ನೆ ನಿಂತ್ರೆ ನಿದ್ದೆ ಬರತ್ತೆ ಅವನಿಗೆ,” ಎಂದು ಸೊಲಾಂಜ್ ನನ್ನ ಸೊಂಟಕ್ಕೆ ಏಪ್ರನ್ ಕಟ್ಟಿದಳು.

ಈಗ ಏಪ್ರಿಲ್ ತಿಂಗಳು. ಮೊಣಕೈವರೆಗೆ ಬಿಸಿ ನೊರೆಯಲ್ಲಿ ಕೈ ಅದ್ದಿ ನಿಂತಿದ್ದೇನೆ. ಹಿಂದಿನ ಓಣಿಯಲ್ಲಿ ಹಿಮ ಕರಗಿ ಸಣ್ಣ ಕಾಲುವೆಯಾಗಿ ಹರಿಯುತ್ತಿದೆ. ಎದುರುಮನೆಯವರು ಬಟ್ಟೆ ಒಣಹಾಕುವ ರಾಟೆಯ ಹಗ್ಗ ಎಳೆದಾಗಲೆಲ್ಲ ಒಂದು ಹಳದಿ ಚಾದರ ಕಿರ್ರೆಂದು ಆಕಾಶದ ಕಡೆ ಹೊರಟು, ಅರ್ಧ ದಾರಿಯಲ್ಲಿ ನಿಂತು ಯೋಚಿಸುತ್ತದೆ. ಬೇಲಿಯ ಮೇಲೆ ಬೆಕ್ಕೊಂದು ಬಿಸಿಲಿನಷ್ಟೇ ನಿಧಾನವಾಗಿ ನಡೆಯುತ್ತದೆ. ನಾನು ಎಷ್ಟೋ ಹೊತ್ತು ಒಂದೇ ತಟ್ಟೆಯನ್ನು ಉಜ್ಜುತ್ತಿರುತ್ತೇನೆ. ಮುನ್ನೂರು ಚದರ ಕಿಲೋಮೀಟರಿನಲ್ಲಿ ಸಿಗದ ಯಾವುದೋ ಒಂದು ಇಲ್ಲಿ ಎರಡು ಗಜದಲ್ಲಿ ಇದೆ ಎನಿಸುತ್ತದೆ. ಇದನ್ನು ಸೊಲಾಂಜಳ ಮುಂದೆ ಬಾಯಿಬಿಟ್ಟು ಹೇಳಿದ್ದು ಮಾತ್ರ ನನ್ನ ತಪ್ಪು.

ಏಕೆಂದರೆ ನಿನ್ನೆ ಫಾಬಿಯೆನ್ ಫೋನ್ ಮಾಡಿ ಕಿಟಕಿ ಮುಗಿಯಿತೇ ಎಂದು ಕೇಳಿದಾಗ, ನಾನು ಕೈ ಒರೆಸಿಕೊಂಡು “ಮುಗೀತು!” ಎನ್ನುವ ಮೊದಲೇ ಸೊಲಾಂಜ್ ಹೇಳಿಯಾಗಿತ್ತು:

“ಎಲ್ಲಿ ಮುಗಿಯತ್ತಮ್ಮ, ಈಗಿನ್ನೂ ವಸಂತ ನೋಡ್ತಿದಾನೆ. ಬೇಸಗೆ ಇದೆ, ಎಲೆ ಉದುರೋ ಕಾಲ ಇದೆ, ಚಳಿಗಾಲ ಇದೆ. ಪಾತ್ರೆ ನಾನು ಒದಗಿಸ್ತೀನಿ, ನೀವೇನೂ ಯೋಚನೆ ಮಾಡಬೇಡಿ.”